ಓದಿದ ನಾಡಿನ ಋಣ

ದೂರದ ದೇಶವೊಂದರ ಇತಿಹಾಸ ಓದುತ್ತೇನೆ ಎಂದವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: ಅದು ನಿಮಗ್ಯಾಕೆ? ಶೇಕ್ಸ್‌ಪಿಯರ್ ಮೇಲೆ ಸಂಶೋಧನೆ ಮಾಡುವವರನ್ನು, ಅಮೆರಿಕದ ಸಂವಿಧಾನವನ್ನೋ ಫ್ರಾನ್ಸಿನ ಕ್ರಾಂತಿಯನ್ನೋ ಓದುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಅವು ಎಲ್ಲರಿಗೂ ಸೇರಿದ ವಿಷಯಗಳು ಎಂದು ನಾವು ಯಾವಾಗಲೋ ಒಪ್ಪಿಕೊಂಡುಬಿಟ್ಟಿದ್ದೇವೆ. ಬರ್ಮಾ, ವಿಯೆಟ್ನಾಂ, ಇಂಡೊನೇಷ್ಯಾ ಅಂದಾಗ ಮಾತ್ರ ಕಾರಣ ಕೊಡಬೇಕಾಗುತ್ತದೆ. ನಮ್ಮ ಪ್ರವಾಸ ಸಾಹಿತ್ಯವನ್ನೇ ನೋಡಿ. ಕಾರಂತರ 'ಅಪೂರ್ವ ಪಶ್ಚಿಮ', ಗೊರೂರರ 'ಅಮೆರಿಕಾದಲ್ಲಿ ಗೊರೂರು' ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಗ್ರೇಟ್ ನಿಕೋಬಾರಿನ ದಕ್ಷಿಣ ತುದಿಯಿಂದ ಸುಮಾತ್ರಾದ ಉತ್ತರದ ದ್ವೀಪಗಳಿಗೆ ಇನ್ನೂರು ಕಿಲೋಮೀಟರ್ ಕೂಡ ಇಲ್ಲ. ಬೆಂಗಳೂರಿನಿಂದ ಶಿವಮೊಗ್ಗ ಅದಕ್ಕಿಂತ ದೂರ. ಆದರೂ ನಮ್ಮ ಮನಸ್ಸಿನ ನಕ್ಷೆಯಲ್ಲಿ ಲಂಡನ್ ಪಕ್ಕದ ಬೀದಿಯಲ್ಲಿದೆ, ಜಕಾರ್ತಾ ಲೋಕದ ಆಚೆಗಿದೆ.

ನಾನು ಪಿಎಚ್.ಡಿ ಮಾಡುತ್ತಿರುವುದು ಇಂಡೊನೇಷ್ಯಾದ ಇಪ್ಪತ್ತನೆಯ ಶತಮಾನದ ರಾಜಕೀಯ ಇತಿಹಾಸದಲ್ಲಿ. ನನ್ನದು ಬೀದರ್ ಜಿಲ್ಲೆ. "ನಮ್ಮ ಮಂದಿ ಕತಿ ಕೇಳೋರಿಲ್ಲ, ಅವರ ಕತಿ ತಗೊಂಡು ಏನ್ ಮಾಡ್ತಿ?" ಎಂದು ನಮ್ಮ ಕಾಕಾ ಪ್ರತಿ ಹಬ್ಬಕ್ಕೂ ಕೇಳುತ್ತಾರೆ. ಇದು ಹೊರನೋಟಕ್ಕೆ ಉದ್ಯೋಗದ ಪ್ರಶ್ನೆ. ಒಳಗೆ ನೋಡಿದರೆ ಇದೊಂದು ನೈತಿಕ ಪ್ರಶ್ನೆ. ಇನ್ನೊಬ್ಬರ ಇತಿಹಾಸವನ್ನು, ಅದರಲ್ಲೂ ಅವರ ನೋವಿನ ಇತಿಹಾಸವನ್ನು ಕೆದಕಲು ನಮಗೆ ಹಕ್ಕು ಎಲ್ಲಿಂದ ಬರುತ್ತದೆ? ಬಂದರೆ ಅದರ ಜೊತೆಗೆ ಬರುವ ಹೊಣೆ ಯಾವುದು?

ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು. ಮೊದಲನೆಯದು ಉಪಯೋಗದ ಉತ್ತರ. ಇಂಡೊನೇಷ್ಯಾ ಜನಸಂಖ್ಯೆಯಲ್ಲಿ ಜಗತ್ತಿನ ನಾಲ್ಕನೆಯ ದೊಡ್ಡ ದೇಶ; ಮಲಾಕ್ಕಾ ಜಲಸಂಧಿಯ ಒಂದು ದಂಡೆ ಅದರದ್ದು; ನಮ್ಮ ಬೇಕರಿಯ ಬಿಸ್ಕತ್ತಿಗೆ ಹಾಕುವ ಪಾಮ್ ಎಣ್ಣೆಯ ಬಹುಪಾಲು ಅಲ್ಲಿಂದ ಮತ್ತು ಮಲೇಷ್ಯಾದಿಂದ ಬರುತ್ತದೆ. ಆದ್ದರಿಂದ ನಮ್ಮ ಸರ್ಕಾರಕ್ಕೆ, ವ್ಯಾಪಾರಕ್ಕೆ ಆ ದೇಶವನ್ನು ಬಲ್ಲವರು ಬೇಕು. ಇದು ಸುಳ್ಳಲ್ಲ. ಆದರೆ ಉಪಯೋಗಕ್ಕಾಗಿ ಓದುವವನು ಉಪಯೋಗವಿಲ್ಲದ್ದನ್ನು ಬಿಟ್ಟುಬಿಡುತ್ತಾನೆ. ಸತ್ತವರಿಂದ ಯಾರಿಗೂ ಉಪಯೋಗವಿಲ್ಲ.

ಎರಡನೆಯದು ನೆಂಟಸ್ತನದ ಉತ್ತರ. "ಅಲ್ಲೂ ನಮ್ಮ ರಾಮಾಯಣ ಇದೆಯಂತಲ್ಲ, ನಮ್ಮ ಮಹಾಭಾರತ ಇದೆಯಂತಲ್ಲ!" ಇದು ಹೆಚ್ಚು ಆಪ್ತವಾದ ಉತ್ತರ. ನಾನು ಈ ವಿಷಯಕ್ಕೆ ಬಂದ ದಾರಿಯೂ ಇದರ ಪಕ್ಕದಲ್ಲೇ ಹಾದುಹೋಗುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಎಂ.ಎ.ಯಲ್ಲಿ ನಮಗೆ ಪಂಪ ಪಠ್ಯವಾಗಿದ್ದ. ಪಂಪನ 'ವಿಕ್ರಮಾರ್ಜುನ ವಿಜಯ' ಕ್ರಿ.ಶ. 941ರ ಕೃತಿ. ಅದರಲ್ಲಿ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ಕವಿ ತನ್ನ ಅರಸ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ್ದರಿಂದ ಕಥೆ ಹೀಗೆ ತಿರುಗಬೇಕಾಯಿತು. ಪಂಪನಾದ ಸುಮಾರು ಅರ್ಧ ಶತಮಾನಕ್ಕೆ ಪೂರ್ವ ಜಾವಾದಲ್ಲಿ ಧರ್ಮವಂಶ ತೆಗುಹ್ ಎಂಬ ರಾಜನ ಆಸ್ಥಾನದಲ್ಲಿ ಮಹಾಭಾರತದ ಪರ್ವಗಳು ಹಳೆಯ ಜಾವನೀಸ್ ಗದ್ಯಕ್ಕೆ ಇಳಿದವು. ಅಲ್ಲಿನ ವಿರಾಟಪರ್ವದ ಕಾಲ 996. ಮುಂದೆ ಜಾವಾದ ತೊಗಲುಗೊಂಬೆಯಾಟ 'ವಾಯಾಂಗ್' ಬೆಳೆದಂತೆ ಅಲ್ಲಿಯೂ ದ್ರೌಪದಿಗೆ ಒಬ್ಬನೇ ಗಂಡನಾದ. ಆದರೆ ಅವನು ಅರ್ಜುನನಲ್ಲ, ಯುಧಿಷ್ಠಿರ. ನಮ್ಮ ಶಿಖಂಡಿ ಅಲ್ಲಿ ಬಿಲ್ಲು ಹಿಡಿದ ವೀರವನಿತೆ ಶ್ರೀಕಾಂಡಿಯಾಗಿ, ಅರ್ಜುನನ ಹೆಂಡತಿಯರಲ್ಲಿ ಒಬ್ಬಳಾದಳು. ಇವರೆಲ್ಲರ ಜೊತೆಗೆ ಸೆಮಾರ್ ಎಂಬ ಡೊಳ್ಳುಹೊಟ್ಟೆಯ ಸೇವಕ ಹುಟ್ಟಿಕೊಂಡ. ವ್ಯಾಸಭಾರತದಲ್ಲಿ ಹುಡುಕಿದರೂ ಅವನು ಸಿಗುವುದಿಲ್ಲ. ಪಾಂಡವರ ಆಳು, ನಗಿಸುವವನು, ಆದರೆ ನಿಜದಲ್ಲಿ ದೇವತೆಗಳಿಗಿಂತ ಹಿರಿಯ ದೇವರು. ನಮ್ಮ ತೊಗಲುಗೊಂಬೆಯ ಕಿಳ್ಳೇಕ್ಯಾತನನ್ನು ನೋಡಿದವರಿಗೆ ಅವನು ಅಪರಿಚಿತನೆನಿಸುವುದಿಲ್ಲ, ಆದರೂ ಅವನು ಕಿಳ್ಳೇಕ್ಯಾತನಲ್ಲ.

ಈ ಹೋಲಿಕೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಂಗತಿ. ಪಂಪ ವ್ಯಾಸನ ಕಥೆಯನ್ನು ಬದಲಿಸಿದ್ದನ್ನು ನಾವು ಕನ್ನಡದ ಸ್ವಾತಂತ್ರ್ಯ ಎಂದು ಹೆಮ್ಮೆಪಡುತ್ತೇವೆ. ಜಾವಾದವರು ಅದೇ ಕೆಲಸ ಮಾಡಿದರೆ ಅದು 'ಭಾರತೀಯ ಪ್ರಭಾವ'ವಾಗುತ್ತದೆ. ಯಾಕೆ? 1926ರಲ್ಲಿ ಕಲ್ಕತ್ತಾದಲ್ಲಿ 'ಗ್ರೇಟರ್ ಇಂಡಿಯಾ ಸೊಸೈಟಿ' ಹುಟ್ಟಿತು. ಮರುವರ್ಷ ಆರ್.ಸಿ. ಮಜುಮ್ದಾರರು ಆಗ್ನೇಯ ಏಷ್ಯಾದ ಪ್ರಾಚೀನ ರಾಜ್ಯಗಳ ಕುರಿತ ತಮ್ಮ ಗ್ರಂಥಮಾಲೆಗೆ ಇಟ್ಟ ಹೆಸರಿನಲ್ಲೇ 'ಭಾರತದ ವಸಾಹತುಗಳು' ಎಂಬ ಮಾತಿತ್ತು. ಬ್ರಿಟಿಷರ ಕೈಕೆಳಗಿದ್ದ ವಿದ್ವಾಂಸರಿಗೆ ನಮಗೂ ಒಂದು ಕಾಲದಲ್ಲಿ ವಸಾಹತುಗಳಿದ್ದವು ಎನ್ನುವುದು ಸಮಾಧಾನ ತಂದಿರಬೇಕು. ಅವರ ಪಾಂಡಿತ್ಯ ದೊಡ್ಡದು, ಅದರ ಹಿಂದಿನ ನೋವೂ ಅರ್ಥವಾಗುವಂಥದ್ದು. ಆದರೆ 'ನಮ್ಮದು' ಎಂಬ ಶಬ್ದದಲ್ಲಿ ಒಂದು ಅಪಾಯವಿದೆ. ನೆರೆಮನೆಯ ಗೋಡೆಯ ಮೇಲೆ ನಮ್ಮ ಅಜ್ಜನ ಫೋಟೋ ಹುಡುಕುತ್ತ ಹೋದವನಿಗೆ ಆ ಮನೆಯಲ್ಲಿ ಯಾರೋ ಅಳುತ್ತಿರುವುದು ಕೇಳಿಸುವುದಿಲ್ಲ.

ಜಾವಾದ ಅದೇ ಊರುಗಳಲ್ಲಿ, ಅದೇ ಗೊಂಬೆಯಾಟದವರ ನಡುವೆಯೇ, 1965ರ ಅಕ್ಟೋಬರಿನಿಂದ ಕೆಲವು ತಿಂಗಳುಗಳಲ್ಲಿ ಲಕ್ಷಾಂತರ ಜನರನ್ನು ಕೊಲ್ಲಲಾಯಿತು. ವಾಯಾಂಗ್ ಹುಡುಕಿಕೊಂಡು ಹೋದ ನಾನು ನಿಂತದ್ದು ಇಲ್ಲಿ. ಅದನ್ನು ಹೇಳುವ ಮೊದಲು, ನನಗಿಂತ ಬಹಳ ಹಿಂದೆ ಇದೇ ದಾರಿಯಲ್ಲಿ ನಡೆದ ಇನ್ನೊಬ್ಬ ವಿದ್ಯಾರ್ಥಿಯ ವಿಷಯ ಹೇಳಬೇಕು. ಮೇಲಿನ ನೈತಿಕ ಪ್ರಶ್ನೆ ಅವನ ಬದುಕಿನಲ್ಲಿ ತೀರ ಸ್ಪಷ್ಟವಾಗಿ ಎದ್ದು ನಿಂತಿತು.

ಬೆನೆಡಿಕ್ಟ್ ಆಂಡರ್ಸನ್ ಹೆಸರನ್ನು ರಾಷ್ಟ್ರೀಯತೆಯ ಬಗ್ಗೆ ಓದಿದವರೆಲ್ಲ ಕೇಳಿರುತ್ತಾರೆ. 1983ರ 'ಇಮ್ಯಾಜಿನ್ಡ್ ಕಮ್ಯುನಿಟೀಸ್' ಪುಸ್ತಕದ ಲೇಖಕ. ಹುಟ್ಟಿದ್ದು 1936ರಲ್ಲಿ, ಚೀನಾದ ಕುನ್ಮಿಂಗ್‌ನಲ್ಲಿ. ತಂದೆ ಅಲ್ಲಿನ ಸುಂಕದ ಇಲಾಖೆಯಲ್ಲಿದ್ದರು. ಯುದ್ಧದ ಕಾಲದಲ್ಲಿ ಕುಟುಂಬ ಕ್ಯಾಲಿಫೋರ್ನಿಯಾಕ್ಕೆ, ಆಮೇಲೆ ಐರ್ಲೆಂಡಿಗೆ ಹೋಯಿತು. ಈಟನ್ ಶಾಲೆ, ಕೇಂಬ್ರಿಜ್, ಗ್ರೀಕ್ ಮತ್ತು ಲ್ಯಾಟಿನ್ ಓದು. ಏಷ್ಯಾ ಆ ಪಠ್ಯದಲ್ಲಿ ಎಲ್ಲಿಯೂ ಇರಲಿಲ್ಲ. 1956ರಲ್ಲಿ ಸೂಯೆಜ್ ಕಾಲುವೆಗಾಗಿ ಬ್ರಿಟನ್ ಈಜಿಪ್ಟಿನ ಮೇಲೆ ಯುದ್ಧಕ್ಕೆ ಹೋದಾಗ ಕೇಂಬ್ರಿಜ್‌ನಲ್ಲಿ ಭಾರತ, ಸಿಲೋನ್ ಕಡೆಯ ಕೆಲವು ವಿದ್ಯಾರ್ಥಿಗಳು ಪ್ರತಿಭಟನೆ ಮಾಡುತ್ತಿದ್ದರು. ಅವರ ಮೇಲೆ ದಾಂಡಿಗ ಇಂಗ್ಲಿಷ್ ಹುಡುಗರು ಎರಗಿದರು. ದಾರಿಹೋಕನಂತೆ ನೋಡುತ್ತಿದ್ದ ಆಂಡರ್ಸನ್ ತಡೆಯಲು ಹೋಗಿ ತನ್ನ ಕನ್ನಡಕವನ್ನೇ ಕಳೆದುಕೊಂಡ. ಹೊಡೆದವರು ಕೊನೆಗೆ ಸಾಲಾಗಿ ನಿಂತು ರಾಷ್ಟ್ರಗೀತೆ ಹಾಡಿದರಂತೆ. ರಾಜಕೀಯ ತನಗೆ ತಟ್ಟಿದ್ದು ಅಂದು ಎಂದು ಅವನು ಮುಂದೆ ಬರೆದುಕೊಂಡ.

ಇಪ್ಪತ್ತೊಂದರ ವಯಸ್ಸಿನಲ್ಲಿ, 1958ರ ಜನವರಿಯಲ್ಲಿ, ಅವನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂದ. ಇಂಡೊನೇಷ್ಯಾವನ್ನು ಆರಿಸಿಕೊಂಡದ್ದಕ್ಕೆ ದೊಡ್ಡ ತತ್ತ್ವವೇನೂ ಇರಲಿಲ್ಲ. ಅಲ್ಲಿ ಜಾರ್ಜ್ ಕಾಹಿನ್ ಎಂಬ ಮೇಷ್ಟರಿದ್ದರು, ಅವರು ಇಂಡೊನೇಷ್ಯಾದ ಸ್ವಾತಂತ್ರ್ಯ ಹೋರಾಟವನ್ನು ಕಣ್ಣಾರೆ ಕಂಡು ಬರೆದವರು. ಬಹುತೇಕ ವಿದ್ಯಾರ್ಥಿಗಳ ದಾರಿ ಹೀಗೆಯೇ ಶುರುವಾಗುತ್ತದೆ: ಒಬ್ಬ ಮೇಷ್ಟ್ರು, ಒಂದು ಪುಸ್ತಕ, ಸಮಯಕ್ಕೆ ಸಿಕ್ಕ ಒಂದು ಫೆಲೋಶಿಪ್. ಆ ಕಾಲದಲ್ಲಿ ಅಮೆರಿಕ ಏಷ್ಯಾದ ಅಧ್ಯಯನಕ್ಕೆ ಹಣ ಸುರಿದದ್ದು ಶೀತಲ ಸಮರದ ಲೆಕ್ಕಾಚಾರದಿಂದ. ಹಣ ಯಾರದ್ದು ಎಂಬ ಪ್ರಶ್ನೆ ಮುಖ್ಯವೇ; ಆದರೆ ಆ ಹಣದಲ್ಲಿ ಕಲಿತವನು ಏನು ಮಾಡಿದ ಎಂಬುದು ಅದಕ್ಕಿಂತ ಮುಖ್ಯ.

1961ರ ಕೊನೆಯಿಂದ 1964ರವರೆಗೆ ಅವನು ಜಕಾರ್ತಾದಲ್ಲಿದ್ದ. ಭಾಷೆ ಕಲಿತ, ಕಲಿತ ಭಾಷೆಯಲ್ಲಿ ತಮಾಷೆ ಮಾಡುವಷ್ಟು ಕಲಿತ. ಬಿಳಿಯರನ್ನು 'ಬಿಳಿಯರು' ಎನ್ನಬೇಡಿ, ನನ್ನ ಚರ್ಮ ನೋಡಿ, ಬಣ್ಣಗೆಟ್ಟ ಪ್ರಾಣಿಯ ಹಾಗಿದೆ, 'ಬುಲೆ' ಅನ್ನಿ ಎಂದು ಗೆಳೆಯರಿಗೆ ಹೇಳಿದನಂತೆ. ಇಂದಿಗೂ ಇಂಡೊನೇಷ್ಯಾದಲ್ಲಿ ಬಿಳಿಯರನ್ನು ಹಾಗೆಯೇ ಕರೆಯುತ್ತಾರೆ. ಆ ಶಬ್ದ ಹರಡಿದ್ದು ತನ್ನಿಂದ ಎಂಬುದು ಅವನ ಹೆಮ್ಮೆಗಳಲ್ಲೊಂದು. ಅಲ್ಲಿ ಒಂದು ಗಾದೆಯಿದೆ: ತೆಂಗಿನ ಚಿಪ್ಪಿನ ಕೆಳಗಿನ ಕಪ್ಪೆ. ನಮ್ಮ ಬಾವಿಯ ಕಪ್ಪೆಯ ಅಕ್ಕನೋ ತಂಗಿಯೋ ಇರಬೇಕು. ಬಾವಿಯ ಕಪ್ಪೆಗೆ ಮೇಲೆ ಒಂದು ತುಂಡು ಆಕಾಶವಾದರೂ ಕಾಣುತ್ತದೆ. ಚಿಪ್ಪಿನ ಕೆಳಗಿರುವುದಕ್ಕೆ ಚಿಪ್ಪೇ ಆಕಾಶ. ಆಂಡರ್ಸನ್ ತನ್ನ ಆತ್ಮಕಥನಕ್ಕೆ ಈ ಕಪ್ಪೆಯನ್ನೇ ಕೇಂದ್ರವಾಗಿಟ್ಟುಕೊಂಡ. ಆ ಪುಸ್ತಕ ಮೊದಲು ಬಂದದ್ದು ಜಪಾನಿ ಭಾಷೆಯಲ್ಲಿ, 2009ರಲ್ಲಿ.

ಅವನು ಮರಳಿ ಹೋಗಿ ಪ್ರಬಂಧ ಬರೆಯುತ್ತಿದ್ದಾಗ, 1965ರ ಸೆಪ್ಟೆಂಬರ್ 30ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಜಕಾರ್ತಾದಲ್ಲಿ ಸೇನೆಯ ಆರು ಮಂದಿ ಜನರಲ್‌ಗಳನ್ನೂ ಒಬ್ಬ ಲೆಫ್ಟಿನೆಂಟನನ್ನೂ ಕೊಂದು ಪಾಳುಬಾವಿಗೆ ಹಾಕಲಾಯಿತು. ಕೊಂದವರು ಸೇನೆಯೊಳಗಿನದೇ ಒಂದು ಗುಂಪು. ಮೇಜರ್ ಜನರಲ್ ಸುಹಾರ್ತೊ ಇದನ್ನು ಕಮ್ಯುನಿಸ್ಟ್ ಪಕ್ಷದ ಸಂಚು ಎಂದು ಸಾರಿದ. ಆ ಪಕ್ಷ ಆಗ ಕಾನೂನುಬದ್ಧ ಪಕ್ಷ, ಸುಮಾರು ಮೂವತ್ತು ಲಕ್ಷ ಸದಸ್ಯರು ತನಗಿದ್ದಾರೆ ಎನ್ನುತ್ತಿತ್ತು. ಪತ್ರಿಕೆಗಳಲ್ಲಿ ಸುದ್ದಿ ಹರಿಯಿತು: ಕಮ್ಯುನಿಸ್ಟ್ ಮಹಿಳೆಯರು ಜನರಲ್‌ಗಳ ಕಣ್ಣು ಕಿತ್ತರು, ಗುಪ್ತಾಂಗ ಕತ್ತರಿಸಿದರು, ಸುತ್ತ ಕುಣಿದರು. ಆಮೇಲೆ ಹಳ್ಳಿಹಳ್ಳಿಯಲ್ಲಿ ಹತ್ಯೆ. ಸೇನೆ ಮುಂದೆ ನಿಂತಿತು, ನೆರೆಹೊರೆಯವರು ಕೈಜೋಡಿಸಿದರು. ಸತ್ತವರು ಐದು ಲಕ್ಷದಿಂದ ಹತ್ತು ಲಕ್ಷ ಎಂದು ವಿದ್ವಾಂಸರು ಅಂದಾಜಿಸುತ್ತಾರೆ. ಲಕ್ಷಾಂತರ ಜನ ವಿಚಾರಣೆಯಿಲ್ಲದೆ ಜೈಲು ಸೇರಿದರು. ಕಾದಂಬರಿಕಾರ ಪ್ರಮೂದ್ಯ ಅನಂತ ತೂರ್ 1965ರಿಂದ 1979ರವರೆಗೆ ಸೆರೆಯಲ್ಲಿದ್ದರು. ಬಹುಕಾಲ ಕಳೆದದ್ದು ಬುರು ದ್ವೀಪದಲ್ಲಿ. ಅಲ್ಲಿ ಬರೆಯಲು ಕಾಗದವಿಲ್ಲದಿದ್ದಾಗ ಜೊತೆ ಕೈದಿಗಳಿಗೆ ಬಾಯಲ್ಲೇ ಕಾದಂಬರಿ ಹೇಳಿದರು.

ಇಲ್ಲಿ ಒಂದು ಕಾಗದದ ಕಥೆ ಬರುತ್ತದೆ. ಅಕ್ಟೋಬರ್ 4ರ ರಾತ್ರಿ ವೈದ್ಯರ ತಂಡವೊಂದು ಆ ಏಳು ದೇಹಗಳ ಮರಣೋತ್ತರ ಪರೀಕ್ಷೆ ನಡೆಸಿತ್ತು. ಆದೇಶ ಸುಹಾರ್ತೊನದೇ. ವರದಿ ಮರುದಿನವೇ ತಯಾರಾಗಿತ್ತು. ಅದರಲ್ಲಿ ಗುಂಡೇಟು, ಇರಿತ, ಹೊಡೆತಗಳ ವಿವರವಿತ್ತು, ಅಂಗಚ್ಛೇದ ಇರಲಿಲ್ಲ. ಅಂದರೆ ಹಳ್ಳಿಗಳಲ್ಲಿ ಕತ್ತಿ ಎತ್ತಿಸಿದ ಸುದ್ದಿ ಸುಳ್ಳು ಎಂಬುದಕ್ಕೆ ಸಾಕ್ಷಿ, ಹತ್ಯೆ ಶುರುವಾಗುವ ಮೊದಲೇ ಕಡತದಲ್ಲಿತ್ತು. ಆ ಕಡತ ವಿಚಾರಣೆಯೊಂದರ ದಾಖಲೆಗಳ ನಡುವೆ ಸೇರಿ ಮಲಗಿತ್ತು. ಆಂಡರ್ಸನ್ ಅದನ್ನು ಅನುವಾದಿಸಿ ಪ್ರಕಟಿಸಿದ್ದು 1987ರಲ್ಲಿ. ಇಪ್ಪತ್ತೆರಡು ವರ್ಷ. ಅಷ್ಟರಲ್ಲಿ ಆ ಸುಳ್ಳು ಸರ್ಕಾರಿ ಸಿನಿಮಾ ಆಗಿ, ಪ್ರತಿವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಟಿವಿಯಲ್ಲಿ ಬರುತ್ತಿತ್ತು. ಮಕ್ಕಳು ಅದನ್ನು ನೋಡಿಯೇ ಬೆಳೆದರು.

ಇದಕ್ಕೂ ಮೊದಲು, 1966ರ ಜನವರಿಯಲ್ಲೇ, ಆಂಡರ್ಸನ್ ಮತ್ತು ರೂತ್ ಮೆಕ್‌ವೇ, ಫ್ರೆಡೆರಿಕ್ ಬನ್ನೆಲ್ ಅವರ ನೆರವಿನೊಂದಿಗೆ, ಒಂದು ಟಿಪ್ಪಣಿ ಬರೆದಿದ್ದರು. ಅಕ್ಟೋಬರಿನ ಘಟನೆ ಮೂಲತಃ ಸೇನೆಯೊಳಗಿನ ಬಿರುಕು, ಇಡೀ ಕಮ್ಯುನಿಸ್ಟ್ ಪಕ್ಷದ ಮೇಲೆ ಅದನ್ನು ಹೊರಿಸಲಾಗದು ಎಂಬುದು ಅದರ ವಾದ. ಅವರು ಅದನ್ನು ಗುಟ್ಟಾಗಿಟ್ಟರು. ಹೊರಬಂದರೆ ಇಂಡೊನೇಷ್ಯಾದಲ್ಲಿದ್ದ ತಮ್ಮ ಗೆಳೆಯರು, ವಿದ್ಯಾರ್ಥಿಗಳು ಅಪಾಯಕ್ಕೆ ಸಿಕ್ಕುತ್ತಾರೆ ಎಂಬ ಭಯ. ಆದರೂ ಅದು ಬೇಗನೆ ಸೋರಿತು. 1971ರಲ್ಲಿ ಪುಸ್ತಕವಾಯಿತು. 1972ರಲ್ಲಿ ಆಂಡರ್ಸನ್‌ಗೆ ಇಂಡೊನೇಷ್ಯಾದ ಬಾಗಿಲು ಮುಚ್ಚಿತು. ಅದು ತೆರೆದದ್ದು 1998ರಲ್ಲಿ ಸುಹಾರ್ತೊ ಬಿದ್ದ ಮೇಲೆ.

ಒಬ್ಬ ಸಂಶೋಧಕನಿಗೆ ತಾನು ಓದುವ ನಾಡಿನ ಬಾಗಿಲು ಮುಚ್ಚುವುದೆಂದರೆ ರೈತನಿಗೆ ಹೊಲ ಹೋದ ಹಾಗೆ. ಆಗ ಮಾತಾಡದೆ ಉಳಿದ ವಿದ್ವಾಂಸರೂ ಇದ್ದರು. ಅವರ ವಾದವನ್ನು ಹಗುರವಾಗಿ ತಳ್ಳುವಂತಿಲ್ಲ. ಬಾಗಿಲು ತೆರೆದಿದ್ದರೆ ತಾನೇ ಒಳಗಿನವರಿಗೆ ನೆರವಾಗುವುದು? ಮುಂದಿನ ವಿದ್ಯಾರ್ಥಿಗಳನ್ನು ಕಳಿಸುವುದು? ಹೊರಗೆ ನಿಂತು ಕೂಗಿದರೆ ಯಾರಿಗೆ ಲಾಭ? ಮೇಲಾಗಿ ಆ ಟಿಪ್ಪಣಿಯ ವಾದ ಪೂರ್ತಿ ನಿಲ್ಲಲೂ ಇಲ್ಲ. ಪಕ್ಷದ ನಾಯಕ ಐದಿತ್ ಮತ್ತು ಅವನ ಕೈಕೆಳಗಿನ ಗುಪ್ತ ವಿಭಾಗ ಆ ಸಂಚಿನಲ್ಲಿ ಪಾಲುಗೊಂಡಿದ್ದನ್ನು ಜಾನ್ ರೂಸಾ ಎಂಬ ಇತಿಹಾಸಕಾರ 2006ರ ತನ್ನ ಪುಸ್ತಕದಲ್ಲಿ ತೋರಿಸಿದ. ಸದಸ್ಯರಿಗೆ, ಬೆಂಬಲಿಗರಿಗೆ ಅದರ ಸುಳಿವೇ ಇರಲಿಲ್ಲ ಎಂಬುದನ್ನೂ ಅವನೇ ತೋರಿಸಿದ.

ಹಾಗಾದರೆ ಆಂಡರ್ಸನ್ ಮಾತಾಡಿದ್ದು ಸರಿಯೇ? ಈ ಪ್ರಶ್ನೆಯನ್ನು ನಾನು ಧೈರ್ಯದ ಪ್ರಶ್ನೆಯಾಗಿ ನೋಡುತ್ತಿದ್ದೆ. ಈಗ ಬೆಲೆಯ ಪ್ರಶ್ನೆಯಾಗಿ ನೋಡುತ್ತೇನೆ. ಅವನು ತೆತ್ತ ಬೆಲೆ ದೊಡ್ಡದೇ, ಆದರೆ ಕೆಲಸ ಉಳಿಯಿತು, ಸಂಬಳ ಬಂತು. ಬ್ಯಾಂಕಾಕಿಗೆ ಹೋಗಿ ಥಾಯ್ ಕಲಿತ, ಆಮೇಲೆ ಫಿಲಿಪ್ಪೀನ್ಸಿನ ಭಾಷೆ ಕಲಿತ. ಆ ಮೂರು ದೇಶಗಳ ಹೋಲಿಕೆಯಿಂದಲೇ ಅವನ ಪ್ರಸಿದ್ಧ ಪುಸ್ತಕಗಳು ಬಂದವು. ಅದೇ ಮಾತನ್ನು ಜಾವಾದ ಒಬ್ಬ ಶಾಲಾ ಮಾಸ್ತರು ಆಡಿದ್ದರೆ ಜೀವ ಹೋಗುತ್ತಿತ್ತು. ಜೈಲಿನಿಂದ ಬಿಡುಗಡೆಯಾದವರ ಗುರುತಿನ ಚೀಟಿಯ ಮೇಲೆ ಮಾಜಿ ರಾಜಕೀಯ ಕೈದಿ ಎಂಬುದಕ್ಕೆ 'ಇ.ಟಿ.' ಎಂದು ಒತ್ತುತ್ತಿದ್ದರು. ಅವರ ಮಕ್ಕಳಿಗೆ ಸರ್ಕಾರಿ ಕೆಲಸ ಸಿಗುತ್ತಿರಲಿಲ್ಲ. ಹೊರಗಿನವನ ಧೈರ್ಯ ಅಗ್ಗದ ಧೈರ್ಯ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗುತ್ತದೆ. ಆದರೆ ಅದೇ ಕಾರಣಕ್ಕೆ ಅವನ ಹೊಣೆ ಹೆಚ್ಚು. ಒಂದು ಸತ್ಯಕ್ಕೆ ಹತ್ತು ಜನ ಸಾಕ್ಷಿಗಳಿದ್ದು, ಒಂಬತ್ತು ಜನ ಬಾಯಿಬಿಟ್ಟರೆ ಜೀವ ತೆರಬೇಕು, ಹತ್ತನೆಯವನು ವೀಸಾ ಮಾತ್ರ ಕಳೆದುಕೊಳ್ಳುತ್ತಾನೆ ಎಂದಾದರೆ, ಮಾತಾಡಬೇಕಾದವನು ಯಾರು? ಕಡಿಮೆ ಬೆಲೆ ತೆರುವವನು. ಹೊರಗಿನವರಿಗೆ ಇನ್ನೊಬ್ಬರ ಇತಿಹಾಸದ ಮೇಲೆ ಏನಾದರೂ ಹಕ್ಕಿದ್ದರೆ ಅದು ಇಲ್ಲಿಂದ ಹುಟ್ಟುತ್ತದೆ. ಅದನ್ನು ಹಕ್ಕು ಎನ್ನುವುದಕ್ಕಿಂತ ಋಣ ಎನ್ನುವುದೇ ಸರಿ. ಆ ನಾಡಿನ ಅನ್ನ ಉಂಡು, ಭಾಷೆ ಕಲಿತು, ಅದರ ಮೇಲೆ ಪದವಿ ಪಡೆದವರ ತಲೆಯ ಮೇಲಿನ ಋಣ.

ಇದೇ ತತ್ತ್ವ ತಿರುಗಿ ನಮಗೆ ಕಡಿವಾಣವನ್ನೂ ಹಾಕುತ್ತದೆ. ಹೆಚ್ಚು ಬೆಲೆ ತೆರಬೇಕಾದವರಿಗೆ ಮೌನವಾಗಿರುವ ಪೂರ್ಣ ಹಕ್ಕಿದೆ, ಅದನ್ನು ಒಡೆಯಲು ಸಂಶೋಧಕರಿಗೆ ಅಧಿಕಾರವಿಲ್ಲ. ಇದು ನನಗೆ ಪುಸ್ತಕದಿಂದ ಬಂದದ್ದಲ್ಲ. ಕ್ಷೇತ್ರಕಾರ್ಯಕ್ಕೆ ಹೋದಾಗ ಮಧ್ಯ ಜಾವಾದ ಸಣ್ಣ ಊರೊಂದರಲ್ಲಿ ಒಬ್ಬ ವೃದ್ಧೆಯ ಮನೆಗೆ ಕೆಲವು ಸಲ ಹೋದೆ. ಅವರನ್ನು ನಾನು 'ಮ್ಬಾಹ್' ಎನ್ನುತ್ತಿದ್ದೆ, ಅಂದರೆ ಅಜ್ಜಿ. ಅವರು ನನ್ನನ್ನು 'ಮ್ಬಾಕ್' ಎನ್ನುತ್ತಿದ್ದರು, ಅಂದರೆ ಅಕ್ಕ. ಅಲ್ಲಿ ಎಳೆಯ ಹೆಣ್ಣುಮಕ್ಕಳನ್ನು ಗೌರವಿಸುವ ರೀತಿ ಅದು. ಮೊದಲ ಮೂರು ಭೇಟಿಯಲ್ಲಿ ಬಂದದ್ದು ಮೆಣಸಿನಕಾಯಿ ಬೆಲೆಯ ಮಾತು, ಮಂಡಿನೋವಿನ ಮಾತು. ನಾಲ್ಕನೆಯ ಸಲ, ನಾನು ಕೇಳದೆಯೇ, 1965ರ ಒಂದು ರಾತ್ರಿ ಗಂಡನನ್ನು ಕರೆದೊಯ್ದದ್ದನ್ನು ಹೇಳಿದರು. ಬಾಗಿಲು ಬಡಿದವನ ಹೆಸರನ್ನೂ ಹೇಳಿದರು. ಅಷ್ಟರಲ್ಲಿ ಹುಡುಗನೊಬ್ಬ ಹಸಿರು ಬಣ್ಣದ ಮೂರು ಕೆ.ಜಿ. ಗ್ಯಾಸ್ ಸಿಲಿಂಡರ್ ಹೊತ್ತು ತಂದು, ಒಳಗಿಟ್ಟು, ಜೋಡಿಸಿ, ಅಜ್ಜಿಗೆ ಕೈಮುಗಿದು ಹೋದ. "ಅವನ ಮೊಮ್ಮಗ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಬರೀಬೇಡ ಅನ್ನೋದಿಲ್ಲ. ಆದರೆ ಆ ಹುಡುಗನಿಗೆ ಗೊತ್ತಾಗಬಾರದು," ಎಂದರು.

ಇಲ್ಲಿ ನಾನು ವಯಸ್ಸು, ಸಂಬಂಧ ಯಾವುದನ್ನೂ ಇದ್ದಂತೆ ಬರೆದಿಲ್ಲ. ಅವರ ಒಪ್ಪಿಗೆ ಪಡೆದೇ ಇಷ್ಟನ್ನು ಬರೆದಿದ್ದೇನೆ. ಪ್ರಬಂಧದಲ್ಲಿ ಹೆಸರು ಬದಲಿಸಿದರೆ ಸಾಕು ಎಂದು ನಿಯಮ ಹೇಳುತ್ತದೆ. ಸಣ್ಣ ಊರಿನಲ್ಲಿ ಅದು ಸಾಲದು. ಊರು, ಕಸುಬು, ಬೀದಿ ಹೇಳಿದರೆ ಹೆಸರು ಹೇಳಿದಂತೆಯೇ. 2012ರ 'ದಿ ಆ್ಯಕ್ಟ್ ಆಫ್ ಕಿಲ್ಲಿಂಗ್' ಎಂಬ ಸಾಕ್ಷ್ಯಚಿತ್ರವನ್ನು ನೋಡಿದವರು ಅದರ ಕೊನೆಯ ಹೆಸರುಗಳ ಪಟ್ಟಿಯನ್ನು ಮರೆಯುವುದಿಲ್ಲ. ಇಂಡೊನೇಷ್ಯಾದ ಸಹನಿರ್ದೇಶಕರಿಂದ ಹಿಡಿದು ಎಷ್ಟೋ ಜನರ ಹೆಸರಿನ ಜಾಗದಲ್ಲಿ 'ಅನಾಮಿಕ' ಎಂದಷ್ಟೇ ಇದೆ. ಹತ್ಯೆಯಾಗಿ ಸುಮಾರು ಐವತ್ತು ವರ್ಷದ ನಂತರ. 2023ರ ಜನವರಿಯಲ್ಲಿ ಅಧ್ಯಕ್ಷ ಜೋಕೊ ವಿಡೊಡೊ 1965–66ರ ಹತ್ಯೆಗಳೂ ಸೇರಿದಂತೆ ಹನ್ನೆರಡು ಘಟನೆಗಳಲ್ಲಿ ಮಾನವ ಹಕ್ಕುಗಳ ಘೋರ ಉಲ್ಲಂಘನೆಯಾಗಿದೆ ಎಂದು ಒಪ್ಪಿ ವಿಷಾದಿಸಿದರು. ವಿಷಾದ ಬಂದಿದೆ, ವಿಚಾರಣೆ ಬಂದಿಲ್ಲ. ಅಜ್ಜಿಯ ಮಾತಿನ ಮುಖ್ಯ ಭಾಗ ನನ್ನ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ. ಸತ್ತವರಿಗೆ ಸತ್ಯ ಸಲ್ಲಬೇಕು, ಬದುಕಿರುವವರಿಗೆ ನೆಮ್ಮದಿ ಸಲ್ಲಬೇಕು. ಇವೆರಡೂ ಎದುರಾದಾಗ ಎರಡನೆಯದು ಗೆಲ್ಲಬೇಕು, ಪ್ರಬಂಧ ಬಡವಾದರೂ ಸರಿ.

ಆ ದಿನ ಹೊರಡುವಾಗ ಅಜ್ಜಿ ಇನ್ನೊಂದು ಮಾತು ಕೇಳಿದರು: "ನಿಮ್ಮೂರಲ್ಲಿ ಇಂಥದ್ದು ಆಗಿಲ್ವಾ?"

1963ರಲ್ಲಿ ಜಕಾರ್ತಾದಲ್ಲಿ ಸುಕಾರ್ನೊ ಮಾಡಿದ ಭಾಷಣವೊಂದರ ಬಗ್ಗೆ ಆಂಡರ್ಸನ್ ಬರೆದಿದ್ದಾನೆ. ಸುಕಾರ್ನೊ ಹಿಟ್ಲರನನ್ನು ಯಾವ ಭಾವೋದ್ವೇಗವೂ ಇಲ್ಲದೆ, ದೂರದ ಒಬ್ಬ ರಾಷ್ಟ್ರೀಯವಾದಿಯಂತೆ, ಪ್ರಸ್ತಾಪಿಸಿದರು. ಕೇಳುತ್ತಿದ್ದ ಆಂಡರ್ಸನ್‌ಗೆ ತಲೆ ತಿರುಗಿದಂತಾಯಿತು. ತನ್ನ ಯುರೋಪನ್ನು ಮೊದಲ ಬಾರಿಗೆ ದುರ್ಬೀನನ್ನು ತಿರುಗಿಸಿ ಹಿಡಿದು ನೋಡಿದ ಹಾಗೆ. ಅಜ್ಜಿಯ ಪ್ರಶ್ನೆ ನನ್ನ ಕೈಯಲ್ಲಿದ್ದ ದುರ್ಬೀನನ್ನು ಹಾಗೆಯೇ ತಿರುಗಿಸಿತು. ಜಾವಾದ ಹಳ್ಳಿಯಿಂದ ಬೀದರ್ ಕಂಡಿತು.

ನಮ್ಮೂರಲ್ಲಿ ಆಗಿದೆ. ನಿಜಾಮನ ಕೊನೆಯ ದಿನಗಳಲ್ಲಿ ರಜಾಕಾರರು ಮಾಡಿದ ದೌರ್ಜನ್ಯದ ಕಥೆ ನಮ್ಮ ಭಾಗದ ಪ್ರತಿ ಮನೆಯಲ್ಲೂ ಇದೆ, ಶಾಲೆಯಲ್ಲೂ ಇದೆ. ಅದು ನಿಜ, ಅದನ್ನು ಹೇಳಲೇಬೇಕು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂದು ಹೈದರಾಬಾದ್ ಸಂಸ್ಥಾನ ಒಕ್ಕೂಟಕ್ಕೆ ಸೇರಿತು. ಪ್ರತಿವರ್ಷ ಸೆಪ್ಟೆಂಬರ್ 17ಕ್ಕೆ ನಾವು ಧ್ವಜ ಹಾರಿಸುತ್ತೇವೆ. ಅದರ 'ಆಮೇಲೆ' ಏನಾಯಿತು ಎಂಬುದು ಇನ್ನೊಂದು ಕಡತದಲ್ಲಿದೆ. ನೆಹರೂ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ 1948ರ ಕೊನೆಯಲ್ಲಿ ಸಂಸ್ಥಾನದ ಜಿಲ್ಲೆಗಳನ್ನು ಸುತ್ತಿ ವರದಿ ಕೊಟ್ಟಿತು. ಪೊಲೀಸ್ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ನಂತರ ಸತ್ತವರು, ಬಹುಪಾಲು ಮುಸ್ಲಿಮರು, ಕಡಿಮೆಯೆಂದರೆ 27ರಿಂದ 40 ಸಾವಿರ ಎಂದು ಸಮಿತಿ ಅಂದಾಜಿಸಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳು: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ನೆರೆಯ ಮುಸ್ಲಿಮರಿಗೆ ಆಸರೆ ಕೊಟ್ಟ ಹಿಂದೂಗಳ ಬಗ್ಗೆಯೂ ವರದಿ ಹೇಳುತ್ತದೆ. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಗ್ರಂಥಾಲಯದಲ್ಲಿ ಅದು ಓದಲು ಸಿಗುತ್ತದೆ ಎಂದು ಸುದ್ದಿಯಾದದ್ದು 2013ರಲ್ಲಿ.

ಎರಡು ಘಟನೆಗಳು ಒಂದೇ ಅಲ್ಲ. ಪ್ರಮಾಣ ಬೇರೆ, ಕಾರಣ ಬೇರೆ, ಸರ್ಕಾರಗಳ ಪಾತ್ರ ಬೇರೆ. ಜಾವಾದಲ್ಲಿ ಪ್ರಭುತ್ವವೇ ಸುಳ್ಳು ಹಬ್ಬಿಸಿತು. ಇಲ್ಲಿ ಪ್ರಭುತ್ವ ತಾನೇ ಸಮಿತಿ ಕಳಿಸಿ, ಬಂದ ಉತ್ತರವನ್ನು ಕಪಾಟಿನಲ್ಲಿಟ್ಟಿತು. ಹೋಲಿಕೆಯೆಂದರೆ ಸಮೀಕರಣವಲ್ಲ. ಒಂದು ಕಡೆ ಕೇಳಲು ಕಲಿತ ಪ್ರಶ್ನೆಯನ್ನು ಇನ್ನೊಂದು ಕಡೆ ಕೇಳದೆ ಬಿಡಲಾಗದ ಸ್ಥಿತಿ ಅದು. ಪಂಪನ ದ್ರೌಪದಿಯನ್ನು ಒಪ್ಪಿದವರು ಜಾವಾದ ದ್ರೌಪದಿಯನ್ನು ಒಪ್ಪಬೇಕು. ಜಾವಾದ ಕಡತವನ್ನು ತೆರೆಯಿರಿ ಎನ್ನುವವರು ಬೀದರಿನ ಕಡತವನ್ನೂ ತೆರೆಯಬೇಕು.

ಆದರೆ ಕಡಿಮೆ ಬೆಲೆ ತೆರುವವರೇ ಮಾತಾಡಬೇಕು ಎಂದಾದರೆ, ನನ್ನೂರಿನ ವಿಷಯದಲ್ಲಿ ನಾನು ಒಳಗಿನವಳು, ನನಗೆ ಮೌನದ ರಿಯಾಯಿತಿ ಇಲ್ಲವೇ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಉತ್ತರ ನನ್ನ ಪರವಾಗಿಲ್ಲ. ಮೌನದ ಹಕ್ಕು ಇರುವುದು ನೊಂದವರಿಗೆ, ಮಾತಾಡಿದರೆ ಮತ್ತೆ ನೋಯುವವರಿಗೆ. 1948ರಲ್ಲಿ ಎರಡೂ ಕಡೆ ಮನೆಯವರನ್ನು ಕಳೆದುಕೊಂಡವರು ಹಾಗೆ ಸುಮ್ಮನಿದ್ದರೆ ಅವರನ್ನು ಕೇಳಲು ನಾನ್ಯಾರು? ನಾನು ತೆರಬೇಕಾದ ಬೆಲೆ ಎಂದರೆ ಮದುವೆ ಮನೆಯಲ್ಲಿ ಒಂದು ಜಗಳ, ಕೆಲವು ನೆಂಟರ ಮುನಿಸು, ಫೋನಿನಲ್ಲಿ ಒಂದಿಷ್ಟು ಬೈಗುಳ. ಜಾವಾದ ಅಜ್ಜಿ ಒಂದೊಂದು ಮಾತಿಗೆ ತೂಗಿದ ತೂಕದ ಮುಂದೆ ಇದು ಯಾವ ಲೆಕ್ಕ?

ಏಷ್ಯಾದ ಇತಿಹಾಸ, ರಾಜಕೀಯ ಓದಬೇಕು ಎಂದು ಬಂದು ಕೇಳುವ ಕಿರಿಯರಿಗೆ ನಾನು ಹೇಳುವುದು ಇಷ್ಟು: ಮೊದಲು ಭಾಷೆ ಕಲಿಯಿರಿ, ಅಲ್ಲಿನವರು ನಿಮ್ಮನ್ನು ತಿದ್ದುವಷ್ಟು ಕಲಿಯಿರಿ. ಅಲ್ಲಿ 'ನಮ್ಮದು' ಏನಿದೆ ಎಂದು ಹುಡುಕಬೇಡಿ, ಅವರದು ಏನಿದೆ ಎಂದು ನೋಡಿ. ಅವರು ನಿಮ್ಮೂರಿನ ಬಗ್ಗೆ ಕೇಳಿದಾಗ ಹೇಳಲು ಉತ್ತರ ಇಟ್ಟುಕೊಂಡಿರಿ, ಏಕೆಂದರೆ ಅವರು ಕೇಳುತ್ತಾರೆ.

ಆಂಡರ್ಸನ್ 2015ರ ಡಿಸೆಂಬರಿನಲ್ಲಿ ಪೂರ್ವ ಜಾವಾದ ಬಾತು ಎಂಬ ಊರಿನಲ್ಲಿ ನಿದ್ದೆಯಲ್ಲೇ ತೀರಿಕೊಂಡ. ಅದಕ್ಕೆ ಕೆಲವೇ ದಿನ ಮೊದಲು ಇಂಡೊನೇಷ್ಯಾ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟಿದ್ದ. ಅವನ ಚಿತಾಭಸ್ಮವನ್ನು ಜಾವಾ ಸಮುದ್ರದಲ್ಲಿ ಬಿಟ್ಟರು. ನನ್ನ ಪ್ರಬಂಧದ ಇನ್ನೆರಡು ಅಧ್ಯಾಯ ಬಾಕಿಯಿವೆ. ಅದು ಇಂಗ್ಲಿಷಿನಲ್ಲಿರುತ್ತದೆ, ಮೂರ್ನಾಲ್ಕು ಪರೀಕ್ಷಕರು ಓದುತ್ತಾರೆ. ಬೀದರಿನ ಕಡತದ ಬಗ್ಗೆ ಬರೆಯುವಾಗ ಮಾತ್ರ ಕನ್ನಡದಲ್ಲೇ ಬರೆಯಬೇಕು ಎಂದುಕೊಂಡಿದ್ದೇನೆ. ಕಾಕಾ ಇಂಗ್ಲಿಷ್ ಓದುವುದಿಲ್ಲ.